ನಲವತ್ತು ಮಿಲಿಸೆಕೆಂಡಿನ ಹೆಮ್ಮೆ

ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ ಎಂದು ಗೊಣಗುವುದರಲ್ಲಿ ಒಂದು ಸುಖವಿದೆ. ಮೇಲ್ನೋಟಕ್ಕೆ ಅದು ಸಂಕಟದ ಮಾತು. ಹೇಳುವವರು ಹಣೆ ಒತ್ತಿಕೊಳ್ಳುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ‘ಒಂದು ದಿನ ರಜೆ ಹಾಕೋ ಹಾಗಿಲ್ಲ ನೋಡಿ’ ಎನ್ನುತ್ತಾರೆ. ಆದರೆ ಎದುರಿಗಿದ್ದವರು ‘ಪರವಾಗಿಲ್ಲ, ಹೋಗಿಬನ್ನಿ, ನಾವು ನೋಡ್ಕೋತೀವಿ’ ಎಂದುಬಿಟ್ಟರೆ ಅವರ ಮುಖ ನೋಡಬೇಕು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ನೋಡುವ ಚಿಕ್ಕಪ್ಪನಿಂದ ಹಿಡಿದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯವರೆಗೆ ಎಲ್ಲರೂ ಈ ಸುಖ ಉಂಡವರೇ. ನಾನೂ ಇಪ್ಪತ್ತೆರಡು ವರ್ಷ ಹೊಟ್ಟೆ ತುಂಬ ಉಂಡೆ. ಅದು ಅರಗದೆ ಹೋದದ್ದು ಹೇಗೆ ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಎರಡು ಮಹಡಿಯ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ನಾವು ಲಿಫ್ಟುಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುತ್ತೇವೆ. ನೀವು ಮೂರನೆಯ ಮಹಡಿಯ ಗುಂಡಿ ಒತ್ತಿದರೆ ಲಿಫ್ಟು ಮೂರಕ್ಕೇ ಹೋಗಿ ನಿಲ್ಲಬೇಕು, ಬಾಗಿಲು ಮುಚ್ಚದೆ ಹೊರಡಬಾರದು, ಇವನ್ನೆಲ್ಲ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಆ ಬೋರ್ಡಿನ ಮೇಲೆ ಕೂತಿರುತ್ತದೆ. ಇದಕ್ಕೆ ಎಂಬೆಡೆಡ್ ಸಿಸ್ಟಮ್ ಎಂದು ಹೆಸರು. ವಾಷಿಂಗ್ ಮೆಷೀನು, ಗೀಸರು, ಸ್ಕೂಟರು, ಎಲ್ಲದರ ಹೊಟ್ಟೆಯಲ್ಲೂ ಇಂಥದೊಂದು ಕಂಪ್ಯೂಟರ್ ಇದೆ. ಅದಕ್ಕೆ ಬುದ್ಧಿ ಹೇಳುವ ಪ್ರೋಗ್ರಾಮ್ ಬರೆಯುವವನು ನಾನು. ಇದನ್ನು ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಯಾರಿಗೂ ಅರ್ಥ ಮಾಡಿಸಲು ನನಗೆ ಆಗಿಲ್ಲ. ಪಕ್ಕದ ಮನೆಯ ರೆಡ್ಡಿಯವರು ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಜಾಗದಲ್ಲಿ ಐದು ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟವರು. ಒಂದು ಸಲ ಅವರಿಗೆ ಅರ್ಧ ಗಂಟೆ ವಿವರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡು, ‘ಹಂಗಾದ್ರೆ ನಮ್ಮ ಮಿಕ್ಸಿ ಒಂದ್ಸಲ ನೋಡಿ ಸಾರ್’ ಎಂದರು. ನೋಡಿದೆ. ಅದರಲ್ಲಿ ಕಂಪ್ಯೂಟರೂ ಇರಲಿಲ್ಲ, ಅದು ರಿಪೇರಿಯೂ ಆಗಲಿಲ್ಲ.

ನಮ್ಮ ಕಂಪನಿಯಲ್ಲಿ ಮೇಲೆ, ಕೆಳಗೆ ಎಂದು ಎರಡು ಲೋಕ. ಮೇಲಿನ ಮಹಡಿಯಲ್ಲಿ ಪ್ರೋಗ್ರಾಮ್ ಬರೆಯುವವರು. ಹಿಂದೆ ಅಲ್ಲಿ ನಾಲ್ಕು ಜನರಿದ್ದೆವು, ಒಬ್ಬೊಬ್ಬರೇ ದೊಡ್ಡ ಕಂಪನಿಗಳಿಗೆ ಹಾರಿ ಕೊನೆಗೆ ನಾನೊಬ್ಬನೇ ಉಳಿದೆ. ಕೆಳಗೆ ಬೋರ್ಡುಗಳಿಗೆ ಬಿಡಿಭಾಗ ಬೆಸೆದು ಪರೀಕ್ಷೆ ಮಾಡುವ ಹದಿನಾಲ್ಕು ಮಂದಿ. ಅದಕ್ಕೆ ನಾವು ಬೆಂಚು ಎನ್ನುತ್ತೇವೆ. ಮೇಲಿನವರು ಕೆಳಗೆ ಇಳಿಯುವುದು ಆಯುಧಪೂಜೆಗೆ, ಕೆಳಗಿನವರು ಮೇಲೆ ಹತ್ತುವುದು ನೀರಿನ ಕ್ಯಾನು ಖಾಲಿಯಾದಾಗ. ಜಗಳವೇನೂ ಇಲ್ಲ. ಯಾಕೆ ಹಾಗೆ ಎಂದು ಯಾರೂ ಕೇಳಿಕೊಂಡಿರಲಿಲ್ಲ, ಅಷ್ಟೇ.

ಈ ವರ್ಷ ತೊಂದರೆ ಶುರುವಾದದ್ದು ಒಂದು ಫಾರ್ಮಿನಿಂದ. ನಮ್ಮ ಬೋರ್ಡುಗಳನ್ನೆಲ್ಲ ಕೊಳ್ಳುವುದು ಒಂದೇ ಲಿಫ್ಟ್ ಕಂಪನಿ. ಅವರು ವರ್ಷಕ್ಕೊಮ್ಮೆ ಕಳಿಸುವ ಫಾರ್ಮಿನಲ್ಲಿ ‘ಈ ಪ್ರೋಗ್ರಾಮ್ ಬಲ್ಲವರು’ ಎಂದು ಎರಡು ಗೆರೆ ಇರುತ್ತವೆ. ಮೊದಲನೆಯದರಲ್ಲಿ ನನ್ನ ಹೆಸರು. ಎರಡನೆಯದರಲ್ಲಿ ನಮ್ಮ ಮಾಲೀಕರಾದ ಗೋಪಿನಾಥ್ ಸರ್ ಕೈಗೆ ಬಂದ ಹೆಸರು ಬರೆದು ಕಳಿಸುತ್ತಿದ್ದರು. ಒಂದು ವರ್ಷ ಬಿಟ್ಟುಹೋದವನ ಹೆಸರು, ಇನ್ನೊಂದು ವರ್ಷ ಸೇರುತ್ತೇನೆಂದು ಹೇಳಿ ಬಾರದೇ ಹೋದವನ ಹೆಸರು. ಈ ಸಲ ಅವರು, ‘ಮುಂದಿನ ತಿಂಗಳ ಕೊನೆಗೆ ನಾವೇ ಬರ್ತೀವಿ, ಎರಡನೆಯವರ ಜೊತೆ ಮಾತಾಡ್ಬೇಕು’ ಎಂದು ಬರೆದರು.

ಗೋಪಿನಾಥ್ ಸರ್ ನನ್ನನ್ನು ಕರೆದು ಬಾಗಿಲು ಹಾಕಿದರು. ‘ನೋಡ್ರೀ, ನಿಮಗೇನಾದ್ರೂ ಆದ್ರೆ ಅವರ ಲಿಫ್ಟ್‌ಗಳ ಗತಿ ಏನು ಅಂತಾರೆ. ತಪ್ಪೇನಿಲ್ಲ. ಎರಡನೆಯವರು ಸಿಗ್ಲಿಲ್ಲ ಅಂದ್ರೆ ಆರ್ಡರ್ ಹೋಯ್ತು. ಆರ್ಡರ್ ಹೋದ್ರೆ ಕೆಳಗಿನ ಬೆಂಚ್ ಮುಚ್ಬೇಕು. ಹದಿನಾಲ್ಕು ಜನಕ್ಕೆ ನಾನು ಏನ್ ಹೇಳ್ಲಿ?’ ಎಂದರು. ನನಗೂ ಕಳವಳವಾಯಿತು. ಆದರೆ ನಿಜ ಹೇಳುತ್ತೇನೆ, ಆ ಕಳವಳದ ತಳದಲ್ಲಿ ‘ನೋಡು, ನೀನಿಲ್ಲದಿದ್ದರೆ ಎಷ್ಟು ಜನರ ಬದುಕು ನಿಲ್ಲುತ್ತದೆ’ ಎಂಬ ಖುಷಿಯೂ ಸ್ವಲ್ಪ ಇತ್ತು.

ಜಾಹೀರಾತು ಕೊಟ್ಟೆವು: ಇಂಜಿನಿಯರಿಂಗ್ ಪದವಿ, ಐದು ವರ್ಷದ ಅನುಭವ. ಸಂದರ್ಶನ ಮಾಡುವುದರಲ್ಲಿ ನನ್ನದೊಂದು ಕ್ರಮವಿದೆ. ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. ಮೇಜಿನ ಮೇಲೆ ಒಂದು ಬೋರ್ಡು ಇಡುತ್ತೇನೆ, ಪಕ್ಕದಲ್ಲಿ ನನ್ನ ಪ್ರೋಗ್ರಾಮಿನ ಹದಿನಾಲ್ಕನೆಯ ಪುಟ. ಅದರ ನಡುವೆ ಒಂದು ಸಾಲಿದೆ: ಇಲ್ಲಿ ನಲವತ್ತು ಮಿಲಿಸೆಕೆಂಡ್ ಕಾಯಿ. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ‘ಇಲ್ಲಿ ಯಾಕೆ ಕಾಯ್ಬೇಕು, ಹೇಳಿ’ ಎನ್ನುತ್ತೇನೆ.

ಆ ಸಾಲಿನ ಹಿಂದೊಂದು ಕಥೆಯಿದೆ. ಹನ್ನೆರಡು ವರ್ಷದ ಹಿಂದೆ ಇಂದಿರಾನಗರದ ಒಂದು ಕಟ್ಟಡದಲ್ಲಿ ನಮ್ಮ ಬೋರ್ಡು ಹಾಕಿದ ಲಿಫ್ಟು ಹೊರಟ ತಕ್ಷಣ ಗಕ್ಕನೆ ನಿಲ್ಲುತ್ತಿತ್ತು. ಎರಡನೆಯ ಮಹಡಿಯ ಅಜ್ಜಿಯೊಬ್ಬರು ತರಕಾರಿ ಚೀಲದ ಸಮೇತ ಮೂರು ಸಲ ಸಿಕ್ಕಿಹಾಕಿಕೊಂಡಿದ್ದರು. ಮೂರನೆಯ ಸಲ ಅವರು ಒಳಗೇ ಕೂತು ಹುರುಳಿಕಾಯಿ ಮುರಿದು ಮುಗಿಸಿದ್ದರಂತೆ. ನಾನು ನಾಲ್ಕು ದಿನ ತಲೆ ಕೆಡಿಸಿಕೊಂಡು, ಬಾಗಿಲು ಮುಚ್ಚುವಾಗ ಅದರ ಸ್ವಿಚ್ಚು ಒಂದು ಕ್ಷಣ ನಡುಗುತ್ತದೆ, ಕಂಪ್ಯೂಟರಿಗೆ ಬಾಗಿಲು ಮತ್ತೆ ತೆರೆಯಿತೆಂದು ಭ್ರಮೆಯಾಗುತ್ತದೆ ಎಂದು ತೀರ್ಮಾನಿಸಿ ಆ ಸಾಲು ಸೇರಿಸಿದೆ. ಅಲ್ಲಿಂದಾಚೆ ಒಂದು ದೂರೂ ಬರಲಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಗೋಪಿನಾಥ್ ಸರ್ ಎಲ್ಲರೆದುರು ನನಗೆ ಐದು ಲೀಟರಿನ ಕುಕ್ಕರ್ ಕೊಟ್ಟರು. ಆ ಪುಟವನ್ನು ನಾನು ನನ್ನ ಮೇಜಿನ ಎದುರು ಗೋಡೆಗೆ ಪಿನ್ನು ಚುಚ್ಚಿ ಇಟ್ಟುಕೊಂಡೆ. ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಹೆಂಡತಿ ಸುಮಾ, ‘ನಿಮ್ಮ ನಲವತ್ತು ಕೂಗ್ತಿದೆ’ ಎನ್ನುತ್ತಾಳೆ.

ಬಂದವರ ವಿಷಯಕ್ಕೆ ಬರುತ್ತೇನೆ. ಮೊದಲನೆಯವನು ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ, ‘ಸರ್, ಇದ್ರ ಸ್ಕ್ರೀನ್ ಎಲ್ಲಿ?’ ಎಂದ. ಇಲ್ಲ ಎಂದೆ. ‘ಹಾಗಾದ್ರೆ ಇದು ಏನ್ ಮಾಡ್ತಿದೆ ಅಂತ ಗೊತ್ತಾಗೋದು ಹೇಗೆ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಅದನ್ನೇ ನಾನು ಇಪ್ಪತ್ತೆರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಎರಡನೆಯವನು ಚುರುಕಾಗಿದ್ದ, ಆರಿಸಿದೆವು. ಅವನು ನಮ್ಮ ಆಫರ್ ಪತ್ರ ತೋರಿಸಿ ಬೇರೆಡೆ ಇನ್ನೂ ಒಳ್ಳೆಯ ಆಫರ್ ಗಿಟ್ಟಿಸಿಕೊಂಡು, ಸೇರಬೇಕಾದ ದಿನ ಬೆಳಿಗ್ಗೆ ಕೈಮುಗಿದ ಚಿತ್ರವೊಂದನ್ನು ವಾಟ್ಸಾಪಿನಲ್ಲಿ ಕಳಿಸಿದ. ಮೂರನೆಯವನು ನಿಜವಾಗಿಯೂ ಸೇರಿದ. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಹಟ ಹಿಡಿದು ಬೋರ್ಡು, ತಂತಿ, ಮಿನುಗುವ ಕೆಂಪು ದೀಪ ಎಲ್ಲವನ್ನೂ ಪಿ.ಜಿ. ಕೋಣೆಗೆ ಹೊತ್ತೊಯ್ದ. ಕೋಣೆ ಗುಡಿಸಲು ಬಂದವರು ಅದನ್ನು ಬಾಂಬೆಂದು ತಿಳಿದು ಹೌಹಾರಿ ಓನರಿಗೆ ಹೇಳಿದರು. ಓನರು ಇವನನ್ನೂ ಬೋರ್ಡನ್ನೂ ಒಟ್ಟಿಗೇ ಗೇಟಿನಾಚೆ ಇಟ್ಟರು. ಒಂಬತ್ತನೆಯ ದಿನ ಅವನು ತಂತಿಯೇ ಇಲ್ಲದ ಕೆಲಸವೊಂದಕ್ಕೆ ಹೊರಟುಹೋದ. ಆಮೇಲೊಬ್ಬಳು ಹುಡುಗಿ ನನ್ನ ಪ್ರಶ್ನೆಯನ್ನು ನನ್ನೆದುರೇ ಫೋನಿನಲ್ಲಿರುವ ಕೃತಕ ಬುದ್ಧಿಗೆ ಕೇಳಿದಳು. ಅದು ನಡುಗುವ ಸ್ವಿಚ್ಚಿನ ವಿಷಯವನ್ನು ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳಿತು. ಅದನ್ನೇ ಕೆಲಸಕ್ಕೆ ತೆಗೆದುಕೊಳ್ಳೋಣವೆಂದರೆ ಬಂದು ಬೋರ್ಡು ಹಿಡಿಯಲು ಅದಕ್ಕೆ ಕೈಯಿಲ್ಲ.

ಇವರ ಮೇಲೆ ನನಗೆ ಸಿಟ್ಟಿಲ್ಲ. ಇಡೀ ದಿನ ಕೂತು ಒಂದು ದೀಪ ಯಾಕೆ ಹತ್ತಲಿಲ್ಲ ಎಂದು ಹುಡುಕುವ ಕೆಲಸಕ್ಕೆ ಯಾಕಾದರೂ ಬರಬೇಕು? ಹತ್ತಿದರೆ ಯಾರೂ ಹೊಗಳುವುದಿಲ್ಲ. ಲಿಫ್ಟು ಸರಿಯಾಗಿ ನಿಂತಿತೆಂದು ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನಂತೂ ನೋಡಿಲ್ಲ. ಆದರೂ ನಾನು ಯಾಕೆ ಉಳಿದೆ ಎಂದು ನನಗೇ ಕುತೂಹಲ. ಬಹುಶಃ ದೀಪ ಹತ್ತುವ ಆ ಒಂದು ಗಳಿಗೆಗಾಗಿ ಇರಬೇಕು.

ಲಿಫ್ಟ್ ಕಂಪನಿಯವರು ಬರಲು ಹತ್ತು ದಿನವಿತ್ತು. ಆ ದಿನ ಒಬ್ಬ ಅಭ್ಯರ್ಥಿ ಹದಿನಾಲ್ಕನೆಯ ಪುಟವನ್ನು ನೋಡುತ್ತ ಬೆವರು ಒರೆಸಿಕೊಳ್ಳುತ್ತಿದ್ದ. ಬಾಗಿಲು ತಟ್ಟಿ ಮಹಾದೇವಿ ಒಳಗೆ ಬಂದಳು. ಆಕೆ ಕೆಳಗಿನ ಬೆಂಚಿನಲ್ಲಿ ಬೋರ್ಡು ಪರೀಕ್ಷೆ ಮಾಡುವವಳು. ಕಲಬುರಗಿ ಕಡೆಯವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಕಟ್ಟಡ ಕೆಲಸದ ಮೇಸ್ತ್ರಿಯಾದ ಗಂಡನ ಜೊತೆ ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿರುವವಳು. ಮೂರು ವರ್ಷದಲ್ಲಿ ನಾನು ಆಕೆಯ ಜೊತೆ ಆಡಿದ ಮಾತು ಆರೇಳು ಇರಬಹುದು.

‘ಸರ, ಆ ಬೋರ್ಡ್ ಬೇಕಾಗ್ಯದ್ರಿ. ಕೆಳಗ ಟೆಸ್ಟಿಂಗ್ ನಿಂತದ’ ಎಂದವಳು ಮೇಜಿನ ಮೇಲಿನ ಹಾಳೆ ನೋಡಿ ನಿಂತಳು. ‘ಇದು ಹದಿನಾಲ್ಕನೇ ಪುಟ ಏನ್ರಿ?’

ಹೌದು, ಯಾಕೆ ಎಂದೆ.

‘ಹದಿಮೂರು ಅದ, ಹದಿನೈದು ಅದ. ಹದಿನಾಲ್ಕು ಒಮ್ಮಿನೂ ಕೆಳಗ ಬರ್ಲಿಲ್ರಿ. ಹದಿಮೂರರಾಗ ಬಾಗಿಲು ಮುಚ್ಚತದ, ಹದಿನೈದರಾಗ ಲಿಫ್ಟ್ ಹೊಂಡತದ. ನಡುವ ಏನಾತು ಅಂತ ಮೂರು ವರ್ಷದಿಂದ ವಿಚಾರ ಮಾಡ್ಲಾಕತ್ತೀನ್ರಿ.’

ವಿಷಯ ಏನೆಂದರೆ, ನಾನು ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿಕೊಂಡೇ ಓದುವ ಹಳೆಯ ಕಾಲದವನು. ಓದಿ ಬಿಸಾಡಿದ ಹಾಳೆಗಳು ಕೆಳಗಿನ ಬೆಂಚಿಗೆ ಹೋಗುತ್ತವೆ; ಅವರು ಖಾಲಿ ಬದಿಯಲ್ಲಿ ಪರೀಕ್ಷೆಯ ಫಲಿತಾಂಶ ಬರೆದಿಡುತ್ತಾರೆ. ಈಕೆ ಬರೆಯುವುದಕ್ಕೆ ಮುಂಚೆ ಹಾಳೆ ತಿರುಗಿಸಿ ಓದುತ್ತಿದ್ದಳು. ಗೊತ್ತಾಗದ್ದನ್ನು ಫೋನಿನಲ್ಲಿ ಹುಡುಕಿ, ಊಟದ ಹೊತ್ತಿನಲ್ಲಿ ಪುಟಗಳನ್ನು ಜೋಡಿಸುತ್ತಿದ್ದಳು. ಹದಿನಾಲ್ಕನೆಯದನ್ನು ಮಾತ್ರ ನಾನು ಪ್ರತಿ ಸಲವೂ ಗೋಡೆಗೆಂದು ಉಳಿಸಿಕೊಳ್ಳುತ್ತಿದ್ದೆ.

ಅಭ್ಯರ್ಥಿಗೆ ಕಾಫಿ ಕುಡಿದು ಬರಲು ಹೇಳಿ ಹಾಳೆಯನ್ನು ಆಕೆಯ ಕೈಗೆ ಕೊಟ್ಟೆ. ಧಾರಾವಾಹಿಯ ತಪ್ಪಿಹೋದ ಕಂತು ಸಿಕ್ಕವರ ಹಾಗೆ ನಿಂತಲ್ಲೇ ಓದಿದಳು. ನನ್ನ ಸಾಲಿನ ಹತ್ತಿರ ಬಂದಾಗ ಮುಖ ಸಪ್ಪಗಾಯಿತು. ‘ಇಷ್ಟೇ ಏನ್ರಿ?’ ಎಂದಳು. ಹಾಳೆಯನ್ನು ಮೇಜಿನ ಮೇಲಿಟ್ಟು, ‘ಇದು ಬೇಕಾಗಿಲ್ಲಲ್ರಿ ಸರ. ಇದ್ರೂ ನಡೀತದ, ತೆಗದ್ರೂ ನಡೀತದ’ ಎಂದಳು.

ನನಗೆ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷದ ಸಾಲು ಅದು. ‘ನೋಡೇಬಿಡೋಣ ಬಾ’ ಎಂದು ಆಕೆಯ ಜೊತೆ ಕೆಳಗಿಳಿದೆ. ಆಯುಧಪೂಜೆ ಇಲ್ಲದ ದಿನ ನಾನು ಬಂದದ್ದು ಕಂಡು ಬೆಂಚಿನವರೆಲ್ಲ ಎದ್ದು ನಿಂತರು. ಆ ಸಾಲು ತೆಗೆದು ಪ್ರೋಗ್ರಾಮನ್ನು ಬೋರ್ಡಿಗೆ ತುಂಬಿದೆ. ಅಲ್ಲಿ ಪರೀಕ್ಷೆಗೆಂದೇ ಮೋಟಾರು, ಬ್ರೇಕಿನ ಸಮೇತ ನಿಜವಾದ ಲಿಫ್ಟ್ ಬಾಗಿಲೊಂದಿದೆ. ನೂರು ಸಲ ಹಾಕಿ ತೆಗೆದೆವು. ನೂರು ಸಲವೂ ಸರಿಯಾಗಿ ನಡೆಯಿತು. ಆಮೇಲೆ ಆಕೆ ನನ್ನ ಸಾಲನ್ನು ವಾಪಸ್ ಹಾಕಿಸಿ, ಬೋರ್ಡಿನ ಮೂಲೆಯಿಂದ ಕಡಲೆಬೇಳೆಯಷ್ಟು ದೊಡ್ಡ ಕೆಪಾಸಿಟರ್ ಎಂಬ ಬಿಡಿಭಾಗವೊಂದನ್ನು ಬೆಸುಗೆಯ ಬಿಸಿ ಕಡ್ಡಿಯಿಂದ ಬಿಡಿಸಿ ತೆಗೆದಳು. ಹತ್ತರಲ್ಲಿ ಎರಡು ಸಲ ಮೋಟಾರು ಗಕ್ಕನೆ ನಿಂತಿತು. ಥೇಟ್ ಇಂದಿರಾನಗರದ ಅಜ್ಜಿಯ ಲಿಫ್ಟಿನ ಹಾಗೆ.

ತೊಂದರೆ ಇದ್ದದ್ದು ಮೋಟಾರಿನ ಬ್ರೇಕ್ ಬಿಡುವಾಗ ಏಳುವ ವಿದ್ಯುತ್ತಿನ ಗದ್ದಲದಲ್ಲಿ. ಅದು ಬರುತ್ತಿದ್ದದ್ದು ನನ್ನ ನಲವತ್ತು ಮಿಲಿಸೆಕೆಂಡ್ ಮುಗಿದ ಮೇಲೆ. ಕಳ್ಳ ಬರುವ ಮುಂಚೆಯೇ ಕಾವಲು ಮುಗಿಸಿ ಎದ್ದುಹೋದವನು ನಾನು. ಅವನನ್ನು ಹಿಡಿಯುತ್ತಿದ್ದದ್ದು ಈ ಕಡಲೆಬೇಳೆ, ಸ್ವಿಚ್ಚಿನ ನಡುಕವನ್ನೂ ಅದೇ ನುಂಗುತ್ತಿತ್ತು. ನಮ್ಮ ನಕ್ಷೆಯಲ್ಲಿ ಅಂಥ ಕೆಪಾಸಿಟರ್ ಇಲ್ಲವೇ ಇಲ್ಲ. ‘ಸೆಲ್ವರಾಜ್ ಸರ ಹೇಳ್ಕೊಟ್ಟಾರ್ರಿ. ಎಲ್ಲಾ ಬೋರ್ಡಿಗೂ ಹಾಕ್ತೀವಿ. ನಿಮಗ ಗೊತ್ತದ ಅಂದ್ಕೊಂಡಿದ್ದೆ’ ಎಂದಳು ಮಹಾದೇವಿ.

ಸೆಲ್ವರಾಜ್ ನಮ್ಮ ಬೆಂಚಿನ ಹಳೆಯ ಮುಖ್ಯಸ್ಥರು, ನಿವೃತ್ತರಾಗಿ ಹಲಸೂರಿನಲ್ಲಿದ್ದಾರೆ. ಅಂದು ಸಂಜೆ ಸ್ಕೂಟರನ್ನು ಮನೆಯ ಕಡೆ ತಿರುಗಿಸಲು ಮನಸ್ಸಾಗಲಿಲ್ಲ, ಹಲಸೂರಿಗೆ ಹೋದೆ. ‘ವಾಂಗ ಸಾರ್, ಬನ್ನಿ’ ಎಂದು ಕೂರಿಸಿ ಟೀ ತರಿಸಿದರು. ನಾನು ಕೆಪಾಸಿಟರ್ ಎಂದ ತಕ್ಷಣ ನಗತೊಡಗಿದರು.

‘ಅದು ನಿಮ್ಮ ಸಾಫ್ಟ್‌ವೇರ್‌ಗಿಂತ ಎರಡು ದಿನ ಮುಂಚೆನೇ ಹಾಕಿದ್ದೆ ಸಾರ್. ಆ ಲಿಫ್ಟ್ ಬೋರ್ಡನ್ನೂ ನಾನೇ ಹೋಗಿ ಬದಲಾಯಿಸಿದೆ. ಹೇಳೋಣ ಅಂತ ಮೇಲೆ ಬರೋದ್ರಲ್ಲಿದ್ದೆ, ಅಷ್ಟರಲ್ಲಿ ಪೂಜೆ ಬಂತು. ನೀವು ಕುಕ್ಕರ್ ಹಿಡ್ಕೊಂಡು ಅಷ್ಟು ಸಂತೋಷವಾಗಿ ನಗ್ತಾ ನಿಂತಿದ್ರಿ. ಮನಸ್ಸು ಬರ್ಲಿಲ್ಲ ಸಾರ್.’

‘ಹನ್ನೆರಡು ವರ್ಷ ಹೇಳ್ಲಿಲ್ವಲ್ರೀ.’

‘ನೀವೂ ಕೇಳ್ಲಿಲ್ಲ ಸಾರ್’ ಎಂದರು ಸೆಲ್ವರಾಜ್. ಟೀ ಚೆನ್ನಾಗಿತ್ತು, ಕುಡಿದು ಬಂದೆ.

ಮಾರನೆಯ ದಿನ ನನ್ನೆದುರು ಎರಡು ದಾರಿಗಳಿದ್ದವು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬೆಂಚು ಮುಚ್ಚುತ್ತಿತ್ತು. ಮಹಾದೇವಿಯನ್ನು ಎರಡನೆಯವಳನ್ನಾಗಿ ಮಾಡಿ ಎಂದರೆ ಗೋಪಿನಾಥ್ ಸರ್ ಯಾಕೆಂದು ಕೇಳುತ್ತಿದ್ದರು, ನಾನು ಕುಕ್ಕರಿನ ವಿಷಯ ಬಾಯಿಬಿಡಬೇಕಾಗುತ್ತಿತ್ತು. ಬಹಳ ಧೈರ್ಯದಿಂದ ತೀರ್ಮಾನ ಮಾಡಿದೆ ಎಂದು ಬರೆಯುವ ಆಸೆಯಿದೆ. ನಡೆದದ್ದು ಬೇರೆ. ಮೂರು ಸಲ ಅವರ ಕೋಣೆಯ ಬಾಗಿಲಿನವರೆಗೆ ಹೋಗಿ, ನೀರು ಕುಡಿದು ವಾಪಸ್ ಬಂದೆ. ನಾಲ್ಕನೆಯ ಸಲ ಅವರೇ, ‘ಏನ್ರೀ ಅದು, ಒಳಗೆ ಬನ್ನಿ’ ಎಂದರು. ಎಲ್ಲ ಹೇಳಿಬಿಟ್ಟೆ. ನಾಚಿಕೆಯಿಂದ ನೆಲ ನೋಡಿಕೊಂಡೇ ಹೇಳಿದೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಕುಕ್ಕರ್ ಏನೂ ವಾಪಸ್ ಬೇಡ’ ಎಂದರು. ಆಮೇಲೆ ಗಂಭೀರವಾಗಿ, ‘ಆದ್ರೆ ಡಿಪ್ಲೊಮಾ ಅಲ್ವೇನ್ರೀ? ಬಂದವರು ಒಪ್ತಾರಾ?’ ಎಂದರು. ನೂರು ಅಭ್ಯರ್ಥಿಗಳಿಗೆ ಕೇಳಿದರೂ ಸಿಗದ ಉತ್ತರ ಆಕೆಯ ಹತ್ತಿರ ಇದೆ, ಪ್ರಶ್ನೆಯೇ ತಪ್ಪು ಎಂದು ಹೇಳಿದವಳು ಆಕೆ ಎಂದೆ. ‘ಕಲಿಸೋದಕ್ಕೆ ಎಷ್ಟು ದಿನ ಬೇಕು?’ ಎಂದರು. ನಾನು ಛಾವಣಿ ನೋಡಿ ಲೆಕ್ಕ ಹಾಕಿ, ‘ಆರು ತಿಂಗಳಾದ್ರೂ ಬೇಕು ಸರ್. ಇಪ್ಪತ್ತೆರಡು ವರ್ಷದ್ದು’ ಎಂದೆ.

ಮಹಾದೇವಿಯನ್ನು ಕರೆದು ಹೇಳಿದಾಗ ಆಕೆ ಒಡನೆಯೇ ಒಪ್ಪಲಿಲ್ಲ. ‘ಜಾಹೀರಾತಿನಾಗ ಇಂಜಿನಿಯರ್ ಅಂತ ಇತ್ತಲ್ರಿ, ಅದಕ್ಕ ನಾ ಅರ್ಜಿ ಹಾಕಿಲ್ಲ. ಈಗ ಮ್ಯಾಲ ಬಂದ್ರ ಕೆಳಗಿಂದು ಯಾರು ನೋಡ್ತಾರ್ರಿ? ಎರಡೂ ಕಡಿ ಮಾಡ್ಲಾಕ ಬಿಟ್ರ ಬರ್ತೀನಿ’ ಎಂದಳು. ಮೇಲೆ ಕೆಳಗೆ ಎರಡೂ ಕಡೆ ಕೆಲಸ ಮಾಡಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

ಸೋಮವಾರ ಪಾಠ ಶುರುವಾಯಿತು. ಆಕೆ ಇನ್ನೂರು ಪುಟದ ನೋಟ್‌ಬುಕ್ ತಂದಿದ್ದಳು. ಬಿಸಾಡಿದ ಹಾಳೆಗಳಿಂದಲೇ ಅರ್ಧ ಕಲಿತಿದ್ದವಳಿಗೆ ನಾನು ಹೇಳಬೇಕಿದ್ದದ್ದು ಮಿಕ್ಕ ಅರ್ಧ. ಮಂಗಳವಾರ ಆ ಕೆಪಾಸಿಟರನ್ನು ನಕ್ಷೆಯಲ್ಲಿ ಸೇರಿಸಿದಳು. ಬುಧವಾರ ನನ್ನ ಪ್ರೋಗ್ರಾಮಿನಲ್ಲಿ ಯಾತಕ್ಕೂ ಬಾರದ ಇನ್ನೂ ಎರಡು ಸಾಲುಗಳನ್ನು ತೋರಿಸಿ, ತೆಗೆಯಲು ನನ್ನ ಅನುಮತಿ ಕೇಳಿದಳು. ಗುರುವಾರ ಲಿಫ್ಟ್ ಕಂಪನಿಯವರು ಬಂದರು. ಆಕೆಯ ಜೊತೆ ಒಂದು ಗಂಟೆ ಮಾತಾಡಿದರು, ನನ್ನ ಜೊತೆ ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಟ್ರಾಫಿಕ್ಕಿನ ವಿಷಯ. ಆರ್ಡರ್ ಉಳಿಯಿತು. ಕೆಳಗೆ ಹದಿನಾಲ್ಕು ಜನ ಎಂದಿನಂತೆ ಊಟದ ಡಬ್ಬಿ ಬಿಚ್ಚಿದರು. ನನಗೆ ನಿಜವಾಗಿಯೂ ಸಂತೋಷವಾಯಿತು.

ಶುಕ್ರವಾರ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಮಹಾದೇವಿ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಪೆನ್ನು ಹಿಡಿದು ಕೂತಳು. ‘ಮುಂದಿಂದು ಹೇಳ್ರಿ ಸರ’ ಎಂದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಹುಡುಕಿದೆ, ಎಲ್ಲ ಹೇಳಿಯಾಗಿತ್ತು. ಅರ್ಧಕ್ಕರ್ಧ ನೋಟ್‌ಬುಕ್ ಇನ್ನೂ ಖಾಲಿಯಿತ್ತು. ‘ಮುಂದಿನದು ಸ್ವಲ್ಪ ಕಷ್ಟದ್ದಮ್ಮ, ಸೋಮವಾರ ಹೇಳ್ತೀನಿ’ ಎಂದೆ. ಆಕೆ ಪಾಪ, ನಂಬಿ ದಿನಾಂಕ ಬರೆದುಕೊಂಡಳು.

ಇವತ್ತು ಭಾನುವಾರ. ಅಟ್ಟದಿಂದ ಕಾಲೇಜಿನ ದಪ್ಪ ಪುಸ್ತಕಗಳನ್ನು ಇಳಿಸಿ, ಕನ್ನಡಕ ಏರಿಸಿ, ಬೆಳಗಿನಿಂದ ಓದುತ್ತ ಕೂತಿದ್ದೇನೆ. ಸುಮಾ ಎರಡು ಸಲ ಬಂದು ನೋಡಿಹೋದಳು. ಮೂರನೆಯ ಸಲ ಕೇಳಿಯೇಬಿಟ್ಟಳು: ‘ನಾಳೆ ನಿಮಗೇನಾದ್ರೂ ಇಂಟರ್‌ವ್ಯೂ ಇದೆಯೇನ್ರೀ?’

ಹೌದೆಂದೆ.